ವಿನೈಲ್ ಹಾಸಿನ ರಿಪೇರಿ: ಅಂಟಿಗೆ ಮೊದಲು ನೆಲವನ್ನು ನೋಡಿ

ಮನೆಯ ನೆಲಕ್ಕೆ ಹಾಸಿದ ವಿನೈಲ್ ಹಾಳಾದರೆ ಏನು ಮಾಡಬೇಕು? ಅಂಗಡಿಯವರ ಕರಪತ್ರ, ಪತ್ರಿಕೆಗಳ ಗೃಹಸಲಹೆ ಅಂಕಣ, ಮೊಬೈಲಿನಲ್ಲಿ ಬರುವ ವಿಡಿಯೋ ಎಲ್ಲವೂ ಹೆಚ್ಚುಕಡಿಮೆ ಒಂದೇ ಉತ್ತರ ಹೇಳುತ್ತವೆ. ಅಂಚು ಎದ್ದಿದ್ದರೆ ಅಂಟು ಹಾಕಿ. ಗುಳ್ಳೆ ಬಂದಿದ್ದರೆ ಸೂಜಿಯಿಂದ ಚುಚ್ಚಿ. ಸುಕ್ಕಾಗಿದ್ದರೆ ಇಸ್ತ್ರಿ ಮಾಡಿ. ಹರಿದಿದ್ದರೆ ತೇಪೆ ಹಾಕಿ. ಇವು ತಪ್ಪು ಸಲಹೆಗಳೆಂದು ನಾನು ಹೇಳುತ್ತಿಲ್ಲ. ಆದರೆ ಈ ನಾಲ್ಕರಲ್ಲಿ ಒಂದೂ "ಹಾಸು ಹಾಳಾದದ್ದು ಏಕೆ?" ಎಂದು ಕೇಳುವುದಿಲ್ಲ. ಕಾರಣ ಕೇಳದ ರಿಪೇರಿ ಎಷ್ಟು ದಿನ ನಿಂತೀತು? ಈ ನಾಲ್ಕು ಸಲಹೆಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನನ್ನ ಅಕ್ಕನ ಮನೆಯಿದೆ. ಹಳೆಯ ಮನೆ, ಕಾವಿ ಬಣ್ಣದ ಗಾರೆ ನೆಲ. ಮಗಳ ಮದುವೆಯ ಮುಂಚೆ ಕೆಳಗಿನ ನಡುಮನೆಗೂ ಮಹಡಿಯ ಕೋಣೆಗೂ ಒಂದೇ ಸುರುಳಿಯಿಂದ ಕತ್ತರಿಸಿದ ವಿನೈಲ್ ಹಾಸನ್ನು ಅಂಟಿಸಿದರು. ಎರಡನೆಯ ಮಳೆಗಾಲಕ್ಕೆ ನಡುಮನೆಯ ಹಾಸಿನ ಅಂಚು ಮೇಲೆದ್ದಿತು. ಅಕ್ಕ ನನ್ನನ್ನು ಕೇಳಿದಳು. ನಾನು ಒಳ್ಳೆಯ ಅಂಟು ತರಿಸಿ, ನಾನೇ ಕೂತು ಅಂಟಿಸಿ, ಮೇಲೆ ಅಕ್ಕಿ ಮೂಟೆ ಇಡಿಸಿ ಬಂದೆ. ಮುಂದಿನ ಮಳೆಗಾಲಕ್ಕೆ ಅದೇ ಅಂಚು ಮತ್ತೆ ಎದ್ದಿತು. ಅದಕ್ಕೆ ಕಾಲು ಸಿಕ್ಕಿ ಅಕ್ಕನ ಅತ್ತೆ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. "ಫಿಸಿಕ್ಸ್ ಮೇಷ್ಟ್ರು ಹಾಕಿದ ಅಂಟು ಒಂದು ಮಳೆಗಾಲ ತಡೀಲಿಲ್ವಲ್ಲೋ" ಎಂದು ಅಕ್ಕ ಅಂದದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಮಹಡಿಯ ಮೇಲೇ ಇತ್ತು. ಅದೇ ಸುರುಳಿಯ ಹಾಸು, ಅದೇ ಅಂಟು, ಅಂಟಿಸಿದವರೂ ಅವರೇ. ಅಲ್ಲಿ ಒಂದು ಅಂಚೂ ಎದ್ದಿರಲಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ "ನಿಯಂತ್ರಣ ಮಾದರಿ ಎಲ್ಲಿ?" ಎಂದು ಗದರಿಸುವ ನಾನು, ಮನೆಯಲ್ಲಿ ತಾನಾಗಿ ಸಿಕ್ಕಿದ್ದ ನಿಯಂತ್ರಣ ಮಾದರಿಯನ್ನು ನೋಡಿರಲಿಲ್ಲ. ಹಾಸು, ಅಂಟು, ಕೈ ಎಲ್ಲ ಒಂದೇ ಆಗಿದ್ದು ಫಲಿತಾಂಶ ಬೇರೆಯಾದರೆ, ವ್ಯತ್ಯಾಸ ಕೆಳಗಿನ ನೆಲದಲ್ಲಿರಬೇಕು. ಮಹಡಿಯ ಕೆಳಗೆ ಗಾಳಿಯಿದೆ; ನಡುಮನೆಯ ಕೆಳಗೆ ಒದ್ದೆ ಮಣ್ಣಿದೆ.

ವಿನೈಲ್ ಎಂದರೇನು?

ನಮ್ಮ ಅಂಗಡಿಗಳಲ್ಲಿ ವಿನೈಲ್ ಹಾಸನ್ನು ಲಿನೋಲಿಯಂ ಎಂದೂ ಕರೆಯುವುದುಂಟು. ಇವೆರಡೂ ಬೇರೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ರೂಪಿಸಿದ ಲಿನೋಲಿಯಂ ಅಗಸೆ ಎಣ್ಣೆಯಿಂದಾದದ್ದು. ಇಂದು ನಾವು ಕೊಳ್ಳುವ ಹಾಸು ಪಾಲಿವಿನೈಲ್ ಕ್ಲೋರೈಡ್ ಅಥವಾ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಸುಮಾರು 57 ಭಾಗ ಕ್ಲೋರಿನ್. ಅದು ಗಡುಸು, ಸುಮಾರು 80° ಸೆ. ಉಷ್ಣತೆಯನ್ನು ದಾಟಿದರೆ ಮಾತ್ರ ಮೆದುವಾಗುತ್ತದೆ. ನಮ್ಮ ಮನೆಯ ನೀರಿನ ಕೊಳವೆ ಈ ಗಡುಸು ರೂಪ. 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಇದಕ್ಕೆ ಕೆಲವು ಎಣ್ಣೆಯಂಥ ದ್ರವಗಳನ್ನು ಬೆರೆಸಿ ರಬ್ಬರಿನಂತೆ ಬಾಗುವ ವಸ್ತುವನ್ನು ಪಡೆದರು. ಈ ದ್ರವಗಳಿಗೆ ಮೃದುಕಾರಿಗಳೆನ್ನೋಣ. 1933ರ ಷಿಕಾಗೋ ಪ್ರದರ್ಶನದಲ್ಲಿ ವಿನೈಲ್ ನೆಲಹಾಸು ಜನರ ಕಣ್ಣಿಗೆ ಬಿತ್ತು.

ಮೃದುಕಾರಿಯ ಅಣುಗಳು ಪಿವಿಸಿಯ ಉದ್ದ ಸರಪಳಿಗಳ ನಡುವೆ ಸೇರಿಕೊಂಡು, ಅವು ಒಂದರ ಮೇಲೊಂದು ಜಾರಲು ಎಡೆ ಮಾಡಿಕೊಡುತ್ತವೆ. ಅವು ಸರಪಳಿಗೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತವೆ. ಬಿಸಿಲು ಬೀಳುವ ಕಡೆ ಇದು ಬೇಗ. ಹಾಸು ಗಡುಸಾಗುತ್ತದೆ, ಕುಗ್ಗುತ್ತದೆ, ಮೇಲ್ಪದರ ಹೆಚ್ಚು ಕುಗ್ಗಿದರೆ ಅಂಚು ಮೇಲಕ್ಕೆ ಮುರುಟುತ್ತದೆ. ಮುರುಟಿದ ಹಾಸನ್ನು ಕೈಯಿಂದ ಮಡಿಸಿ ನೋಡಿ. ಮಡಿಕೆಯಲ್ಲಿ ಬಿರುಕು ಬಿಟ್ಟರೆ ಅದರ ಆಯುಷ್ಯ ಮುಗಿದಿದೆ. ರಿಪೇರಿಗೆ ಹಣ ಹಾಕುವುದು ವ್ಯರ್ಥ. ಮೆದುವಾಗಿಯೇ ಇದ್ದೂ ಅಂಚು ಎದ್ದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಸಲಹೆ ಒಂದು: ಅಂಚು ಎದ್ದರೆ ಅಂಟು ಹಾಕಿ

ಅಂಟು ಎಳೆತವನ್ನು ತಡೆಯುವುದಕ್ಕೂ ಸುಲಿತವನ್ನು ತಡೆಯುವುದಕ್ಕೂ ತುಂಬ ವ್ಯತ್ಯಾಸವಿದೆ. ಮೇಜಿಗೆ ಅಂಟಿಸಿದ ಸೆಲೋಟೇಪನ್ನು ಮೇಜಿನ ಉದ್ದಕ್ಕೇ ಎಳೆಯಿರಿ, ಅಲುಗುವುದಿಲ್ಲ. ಅದರ ತುದಿಯನ್ನು ಎತ್ತಿ ಸುಲಿಯಿರಿ, ಎರಡು ಬೆರಳು ಸಾಕು. ಮೊದಲನೆಯದರಲ್ಲಿ ಬಲ ಇಡೀ ಮೇಲ್ಮೈಗೆ ಹಂಚಿಹೋಗುತ್ತದೆ. ಎರಡನೆಯದರಲ್ಲಿ ಒಂದು ಗೆರೆಯ ಮೇಲೆ ಬೀಳುತ್ತದೆ. ಹಾಸಿನ ಅಂಚಿನಲ್ಲಿ ನಡೆಯುವುದು ಸುಲಿತ. ಆದ್ದರಿಂದ ಬಾಗಿಲ ಬಳಿಯ ಅಂಚಿಗೆ ಅಂಟಿಗಿಂತ ತಿರುಪು ಹಾಕಿ ಕೂರಿಸಿದ ಅಲ್ಯೂಮಿನಿಯಂ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ಸಲಹೆಗಾರರು ಇದನ್ನು ಹೇಳುವುದು ಕಡಿಮೆ.

ಇನ್ನು ಅಂಟು ಒಣಗುವ ಪ್ರಶ್ನೆ. ಮನೆಯಲ್ಲಿ ಕೈಗೆ ಸಿಗುವ ಬಿಳಿಯ ಮರದಂಟಿನಲ್ಲಿ ನೀರಿದೆ. ಮರಕ್ಕೆ ಹಚ್ಚಿದಾಗ ಮರ ಆ ನೀರನ್ನು ಹೀರಿಕೊಂಡು ಅಂಟು ಗಟ್ಟಿಯಾಗುತ್ತದೆ. ಉಜ್ಜಿ ಹೊಳಪು ಬರಿಸಿದ ಕಾವಿ ನೆಲ ನೀರನ್ನು ಹೀರುವುದು ಬಹಳ ನಿಧಾನ. ವಿನೈಲ್ ಹೀರುವುದೇ ಇಲ್ಲ. ಎರಡರ ನಡುವೆ ಸಿಕ್ಕ ನೀರು ಎಲ್ಲಿಗೆ ಹೋಗಬೇಕು? ವಾರ ಕಳೆದರೂ ಅಂಟು ಹಾಲಿನಂತೆಯೇ ಉಳಿಯುತ್ತದೆ. ವಿನೈಲ್‌ಗೆಂದೇ ಮಾಡಿದ ಅಂಟನ್ನು ತಂದು, ಅದರ ಮೇಲೆ ಬರೆದಷ್ಟು ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಒತ್ತಬೇಕು.

ಆದರೆ ನಾನು ಹಾಕಿದ್ದು ಸರಿಯಾದ ಅಂಟೇ. ಅದೂ ಸೋತದ್ದು ಏಕೆಂದರೆ ಸಿಮೆಂಟಿನೊಳಗಿಂದ ಬರುವ ನೀರು ಬರಿಯ ನೀರಲ್ಲ. ಅದರಲ್ಲಿ ಕ್ಷಾರವಿರುತ್ತದೆ, ಹೊಸ ಸಿಮೆಂಟಿನ ರಂಧ್ರದ ನೀರಿನ ಪಿಎಚ್ ಮೌಲ್ಯ 12ಕ್ಕೂ ಮೇಲು. ಎಸ್ಟರ್ ಜಾತಿಯ ವಸ್ತುಗಳನ್ನು ಕ್ಷಾರ ಒಡೆಯುತ್ತದೆ. ಸಾಬೂನು ತಯಾರಿಕೆಯಲ್ಲಿ ಎಣ್ಣೆಗೆ ಆಗುವುದೂ ಇದೇ. ಅನೇಕ ಅಂಟುಗಳೂ ಮೃದುಕಾರಿಗಳೂ ಎಸ್ಟರುಗಳೇ. ಒದ್ದೆ ಸಿಮೆಂಟಿನ ಮೇಲೆ ಅವು ಮೆಲ್ಲನೆ ಒಡೆದು, ಅಂಟು ಲೋಳೆಯಾಗುತ್ತದೆ. ಥ್ಯಾಲೇಟ್ ಎಂಬ ಮೃದುಕಾರಿ ಒಡೆದಾಗ 2-ಈಥೈಲ್‌ಹೆಕ್ಸನಾಲ್ ಎಂಬ ಮದ್ಯಸಾರ ಹುಟ್ಟಿ ಕೋಣೆಗೆ ಒಂದು ಬಗೆಯ ಸಿಹಿಮುಗ್ಗು ವಾಸನೆ ಬರುತ್ತದೆ. ಹಾಸಿನ ಕೋಣೆಯಲ್ಲಿ ಇಂಥ ವಾಸನೆ ಬಂದರೆ ಊದುಬತ್ತಿ ಹಚ್ಚುವ ಮೊದಲು ಹಾಸಿನ ಮೂಲೆಯೊಂದನ್ನು ಎತ್ತಿ ನೋಡಿ.

ಸಲಹೆ ಎರಡು: ಗುಳ್ಳೆ ಬಂದರೆ ಚುಚ್ಚಿ

ಹಾಸುವಾಗ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗಿದ್ದರೆ ಈ ಸಲಹೆ ಸರಿ. ಚಿತ್ತಾರದ ಗೆರೆಯ ಮೇಲೆ ಸಣ್ಣದಾಗಿ ಚುಚ್ಚಿ, ಗಾಳಿ ಹೊರಹಾಕಿ, ಸಿರಿಂಜಿನಲ್ಲಿ ಅಂಟು ಬಿಟ್ಟು ಒತ್ತಿದರೆ ಮುಗಿಯಿತು. ಆದರೆ ಅದು ಗಾಳಿಯ ಗುಳ್ಳೆಯೋ ನೀರಾವಿಯ ಗುಳ್ಳೆಯೋ ತಿಳಿಯುವುದು ಹೇಗೆ?

ಒಂದು ಚಿಕ್ಕ ಲೆಕ್ಕ ಮಾಡೋಣ. ಬೆಳಗ್ಗೆ 20° ಸೆ. ಇದ್ದ ಗುಳ್ಳೆ ಮಧ್ಯಾಹ್ನ ಕಿಟಕಿಯ ಬಿಸಿಲಿಗೆ 40° ಸೆ. ಆಯಿತೆನ್ನಿ. ಒಣಗಾಳಿಯಾದರೆ ಚಾರ್ಲ್ಸ್ ನಿಯಮದಂತೆ ಗಾತ್ರ ಶೇ. 7ರಷ್ಟು ಹಿಗ್ಗುತ್ತದೆ. ಕೆಳಗೆ ನೀರಿದ್ದರೆ ಗುಳ್ಳೆಯಲ್ಲಿ ಸಂತೃಪ್ತ ಆವಿ ಇರುತ್ತದೆ. ಅದರ ಒತ್ತಡ 20° ಸೆ.ನಲ್ಲಿ ಸುಮಾರು 2.3 ಕಿಲೋಪಾಸ್ಕಲ್, 40° ಸೆ.ನಲ್ಲಿ ಸುಮಾರು 7.4 ಕಿಲೋಪಾಸ್ಕಲ್. ಡಾಲ್ಟನ್ನನ ಆಂಶಿಕ ಒತ್ತಡ ನಿಯಮವನ್ನು ಸೇರಿಸಿ ಲೆಕ್ಕ ಹಾಕಿದರೆ ಹಿಗ್ಗುವಿಕೆ ಸುಮಾರು ಶೇ. 13. ಅಂದರೆ ಒದ್ದೆ ಗುಳ್ಳೆ ಒಣ ಗುಳ್ಳೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಉಬ್ಬುತ್ತದೆ. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ಸ್ವತಃ ಮಾಡಿ ನೋಡಬಹುದು.

ಅಷ್ಟು ಲೆಕ್ಕ ಬೇಡವೆಂದರೆ ಚುಚ್ಚಿದ ಸೂಜಿಯನ್ನು ಒಂದು ಬಿಳಿ ಕಾಗದಕ್ಕೆ ಒತ್ತಿ. ಕಾಗದ ಒದ್ದೆಯಾದರೆ ಅಂಟು ಬಿಡುವ ಮಾತು ಅಲ್ಲಿಗೇ ನಿಲ್ಲಲಿ. ಆ ಗುಳ್ಳೆ ಮತ್ತೆ ಬರುತ್ತದೆ, ಪಕ್ಕದಲ್ಲಿ ಇನ್ನೊಂದನ್ನೂ ಕರೆತರುತ್ತದೆ.

ಸಲಹೆ ಮೂರು: ಸುಕ್ಕಾದರೆ ಇಸ್ತ್ರಿ ಮಾಡಿ

ನಾಲ್ಕು ಸಲಹೆಗಳಲ್ಲಿ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುವುದು ಇದು. ಬಟ್ಟೆಗಳ ಚೀಟಿಯ ಮೇಲಿನ ಇಸ್ತ್ರಿ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ 110° ಸೆ., ಎರಡು ಚುಕ್ಕಿಯೆಂದರೆ 150° ಸೆ., ಮೂರು ಚುಕ್ಕಿಯೆಂದರೆ 200° ಸೆ. ವರೆಗಿನ ಉಷ್ಣತೆ. ಹಾಸು ಬಾಗಲು 50-60° ಸೆ. ಸಾಕು. ಹತ್ತಿ ಬಟ್ಟೆಯ ಶಾಖದಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಮೇಲ್ಪದರ ಕರಗಿ ಹೊಳಪು ಮಾಸುವುದಷ್ಟೇ ಅಲ್ಲ, ಪಿವಿಸಿ ಒಡೆದು ಹೈಡ್ರೋಜನ್ ಕ್ಲೋರೈಡ್ ಎಂಬ ಕಟು ಅನಿಲ ಹೊರಡಬಹುದು. ಬಿಸಿ ಮಾಡಲೇಬೇಕಿದ್ದರೆ ಕೂದಲು ಒಣಗಿಸುವ ಯಂತ್ರ ಸಾಕು. ಅಂಗೈ ಮುಟ್ಟಲಾಗದಷ್ಟು ಬಿಸಿ ಬೇಡ.

ಅದಕ್ಕಿಂತ ಮುಖ್ಯವಾಗಿ, ಸುಕ್ಕು ಬಂದದ್ದೇಕೆ? ಪಿವಿಸಿಯ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 70 ಭಾಗ ಎಂದಿಟ್ಟುಕೊಳ್ಳಿ. ಸಿಮೆಂಟಿನದು ಸುಮಾರು 12. ನಾಲ್ಕು ಮೀಟರ್ ಉದ್ದದ ಕೋಣೆಯಲ್ಲಿ ಉಷ್ಣತೆ 15 ಡಿಗ್ರಿ ಏರಿದರೆ ಹಾಸು 4.2 ಮಿ.ಮೀ. ಹಿಗ್ಗುತ್ತದೆ, ನೆಲ 0.7 ಮಿ.ಮೀ. ವ್ಯತ್ಯಾಸ 3.5 ಮಿ.ಮೀ. ಇದೇನು ಮಹಾ ಎನಿಸಬಹುದು. ಆದರೆ ಎರಡೂ ಕಡೆ ಗೋಡೆಗೆ ತಾಗುವಂತೆ ಹಾಸಿದ್ದರೆ ಅದಕ್ಕೆ ಹೋಗಲು ದಾರಿ ಮೇಲಕ್ಕೊಂದೇ. ಒಂದು ಮೀಟರ್ ಅಗಲದ ಒಂದೇ ಕಮಾನಾಗಿ ಎದ್ದರೆ ಜ್ಯಾಮಿತಿಯಂತೆ ಅದರ ಎತ್ತರ ಸುಮಾರು 36 ಮಿ.ಮೀ.! ಮೆದುವಾದ ಹಾಸು ತನ್ನ ತೂಕಕ್ಕೆ ಕುಸಿದು 10 ಸೆಂ.ಮೀ. ಅಗಲದ ಹತ್ತು ಅಲೆಗಳಾದರೆ ಒಂದೊಂದೂ 3.6 ಮಿ.ಮೀ. ಎತ್ತರವಿರುತ್ತದೆ. ವಯಸ್ಸಾದವರು ಎಡವಲು ಅಷ್ಟು ಸಾಕು.

ಹಾಗಾದರೆ ಪರಿಹಾರ ಇಸ್ತ್ರಿಯಲ್ಲ. ಗೋಡೆಯ ಬುಡದಲ್ಲಿ ಹಾಸನ್ನು ಅರ್ಧ ಸೆಂ.ಮೀ.ನಷ್ಟು ಕತ್ತರಿಸಿ ಎಡೆ ಬಿಡಿ. ಕಿಟಕಿಗೆ ಪರದೆ ಹಾಕಿ. ಸುಕ್ಕು ಕೆಲವು ದಿನಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಕೂರುತ್ತದೆ.

ಸಲಹೆ ನಾಲ್ಕು: ಹರಿದರೆ ತೇಪೆ ಹಾಕಿ

ಇದು ನಾಲ್ಕರಲ್ಲಿ ಅತ್ಯುತ್ತಮ ಸಲಹೆ. ಮಂಚದ ಕಾಲು ಎಳೆದು ಹರಿದದ್ದಕ್ಕೆ, ಕೆಂಡ ಬಿದ್ದು ಸುಟ್ಟದ್ದಕ್ಕೆ ಇದೇ ದಾರಿ. ಹರಿದ ಜಾಗದ ಮೇಲೆ ಉಳಿಕೆ ತುಂಡನ್ನು ಚಿತ್ತಾರ ಹೊಂದುವಂತೆ ಇಟ್ಟು, ಅಲುಗದಂತೆ ಟೇಪು ಹಚ್ಚಿ, ಉಕ್ಕಿನ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಎರಡೂ ಪದರಗಳನ್ನು ಒಂದೇ ಏಟಿಗೆ ಕತ್ತರಿಸಬೇಕು. ಅಳೆದು ಬೇರೆ ಬೇರೆ ಕತ್ತರಿಸಿದರೆ ಎರಡು ಅಳತೆಗಳ ದೋಷ ಕೂಡಿಕೊಳ್ಳುತ್ತದೆ. ಒಟ್ಟಿಗೆ ಕತ್ತರಿಸಿದಾಗ ಅಳತೆಯೇ ಇಲ್ಲ, ದೋಷಕ್ಕೆ ಎಡೆಯೂ ಇಲ್ಲ. ಉಳಿಕೆ ತುಂಡು ಇಲ್ಲವಾದರೆ ಬೀರುವಿನ ಕೆಳಗಿಂದ ಕತ್ತರಿಸಿ ತೆಗೆಯಬಹುದು.

ತುಂಡಿನ ಸುತ್ತಲಿನ ಸಂದನ್ನು ಮುಚ್ಚುವ ದ್ರವದಲ್ಲಿ ಸಾಮಾನ್ಯವಾಗಿ ಟೆಟ್ರಾಹೈಡ್ರೋಫ್ಯೂರಾನ್‌ನಂಥ ದ್ರಾವಕವಿರುತ್ತದೆ. ಅದು ಎರಡೂ ಅಂಚುಗಳ ಪಿವಿಸಿಯನ್ನು ಕೊಂಚ ಕರಗಿಸಿ, ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿ, ಆವಿಯಾಗಿ ಹೋಗುತ್ತದೆ. ಇದೊಂದು ಬಗೆಯ ಬೆಸುಗೆ. ಎಚ್ಚರ: ಈ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ ಮತ್ತು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಮೇಲೇ ಹರಿದು ಪಕ್ಕದ ಅಡುಗೆಮನೆಯ ಒಲೆಗೋ ದೇವರ ದೀಪಕ್ಕೋ ತಲುಪಬಹುದು. ಕಿಟಕಿ ಬಾಗಿಲು ತೆರೆದು, ಉರಿಯೆಲ್ಲ ಆರಿಸಿ ಕೆಲಸ ಮಾಡಿ.

ಸಲಹೆಗಾರರು ಹೇಳದ ಮಾತುಗಳು

ಮೊದಲನೆಯದು, ನೀರಿನ ಮೂಲ. ಪಠ್ಯಪುಸ್ತಕದಲ್ಲಿ ಲೋಮನಾಳ ಕ್ರಿಯೆಯನ್ನು ಗಾಜಿನ ಕೊಳವೆಯಲ್ಲಿ ತೋರಿಸುತ್ತೇವೆ. 1 ಮಿ.ಮೀ. ತ್ರಿಜ್ಯದ ಕೊಳವೆಯಲ್ಲಿ ನೀರು ಸುಮಾರು 15 ಮಿ.ಮೀ. ಏರುತ್ತದೆ. ಏರುವ ಎತ್ತರ ತ್ರಿಜ್ಯಕ್ಕೆ ವಿಲೋಮ. ಗಾರೆಯಲ್ಲಿ ಅದರ ನೂರರಲ್ಲೊಂದು ತ್ರಿಜ್ಯದ ರಂಧ್ರಗಳಿದ್ದರೆ ಲೆಕ್ಕದ ಪ್ರಕಾರ ಒಂದೂವರೆ ಮೀಟರ್! ನಿಜದಲ್ಲಿ ಅಷ್ಟು ಏರದಿರುವುದಕ್ಕೆ ಒಂದು ಮುಖ್ಯ ಕಾರಣ, ನೀರು ದಾರಿಯಲ್ಲೇ ಆವಿಯಾಗಿ ಹೋಗುವುದು. ಕಾವಿ ನೆಲ ಈ ಆವಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತಿತ್ತು. ನಾವು ಅದರ ಮೇಲೆ ವಿನೈಲ್ ಹಾಸಿದಾಗ ಪಾತ್ರೆಗೆ ಮುಚ್ಚಳ ಹಾಕಿದಂತಾಯಿತು.

ಭದ್ರಾವತಿಯಲ್ಲಿ ಈ ಮಾತಿಗೆ ಇನ್ನೊಂದು ಅರ್ಥವಿದೆ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದಕ್ಕೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಅದಿರಿನಲ್ಲಿದ್ದದ್ದೂ ಕಾವಿ ನೆಲದ ಕೆಂಪಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ. ಅದು ಇನ್ನಷ್ಟು ತುಕ್ಕು ಹಿಡಿಯಲಾರದು, ಬಿಸಿಲಿಗೆ ಮಾಸಲಾರದು, ಅದರಿಂದ ಆವಿಯಾಗಿ ಹೋಗುವ ಮೃದುಕಾರಿ ಯಾವುದೂ ಇಲ್ಲ. ಅದೇ ಓಲ್ಡ್ ಟೌನ್‌ನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಎತ್ತರದ ಜಗತಿಯ ಮೇಲೆ ನಿಂತಿದೆ. ಜಗತಿಯನ್ನು ಕಟ್ಟಿದ್ದು ಪ್ರದಕ್ಷಿಣೆಗಾಗಿ ಇರಬಹುದು. ಆದರೆ ನೆಲವನ್ನು ಒದ್ದೆ ಮಣ್ಣಿನಿಂದ ಮೇಲಕ್ಕೆ ಎತ್ತುವ ಕೆಲಸವನ್ನೂ ಅದು ಮಾಡುತ್ತದೆ.

ಅಕ್ಕನ ಮನೆಯ ಜಗಲಿಯೂ ಹಿಂದೆ ಎತ್ತರದಲ್ಲಿತ್ತು. ಅಂಗಳಕ್ಕೆ ಕಾಂಕ್ರೀಟು ಹಾಕಿಸಿದಾಗ ಅಂಗಳ ನೆಲದ ಮಟ್ಟಕ್ಕೆ ಬಂದಿತು. ಹೆಂಚಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಇದನ್ನು ಕಂಡುಹಿಡಿದದ್ದು ನಾನಲ್ಲ. ಹಾಸು ಕಿತ್ತು ನೋಡಲು ಬಂದ ಗಾರೆ ಮೇಸ್ತ್ರಿ ಹೊರಗೆ ಒಂದು ಸುತ್ತು ಹೋಗಿ ಬಂದು, "ಮೇಲಿಂದ ಎಷ್ಟು ಅಂಟು ಹಾಕಿದ್ರೇನು ಸಾರ್, ಕೆಳಗಿನ ನೀರಿಗೆ ದಾರಿ ಬೇಕಲ್ಲ" ಎಂದರು. ಹಾಸಿನ ಕೆಳಗೆ ಕಪ್ಪು ಬೂಷ್ಟು, ಬಿಳಿ ಉಪ್ಪಿನ ಪುಡಿ. ಗೋಡೆಯ ಪಕ್ಕ ಕಾಂಕ್ರೀಟು ಕಡಿದು ಚರಂಡಿ ಮಾಡಿಸಿ, ಹೆಂಚಿಗೆ ದೋಣಿ ಕಟ್ಟಿಸಿ, ನೆಲವನ್ನು ಒಂದು ಬೇಸಿಗೆ ಒಣಗಲು ಬಿಟ್ಟರು. ನಡುಮನೆಗೆ ಮತ್ತೆ ಹಾಸು ಹಾಕಲಿಲ್ಲ. ಮಹಡಿಯ ಹಾಸು ಇಂದಿಗೂ ಚೆನ್ನಾಗಿದೆ.

ಎರಡನೆಯದು, ಕತ್ತರಿಸಿ ಉಳಿದ ಚೂರುಗಳು. ನಮ್ಮ ಮಲೆನಾಡಿನ ಮನೆಗಳಲ್ಲಿ ಸುಡಬಹುದಾದದ್ದೆಲ್ಲ ಬಚ್ಚಲೊಲೆಗೆ ಹೋಗುತ್ತದೆ. ವಿನೈಲ್ ಚೂರು ಖಂಡಿತ ಹೋಗಬಾರದು. 100 ಗ್ರಾಂ ಶುದ್ಧ ಪಿವಿಸಿ ಪೂರ್ತಿ ಒಡೆದರೆ 58 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಹುಟ್ಟುತ್ತದೆ. ಹಾಸಿನಲ್ಲಿ ಸುಣ್ಣಕಲ್ಲಿನ ಪುಡಿ, ಮೃದುಕಾರಿ ಇವೆಲ್ಲ ಸೇರಿರುವುದರಿಂದ ಇಷ್ಟು ಬಾರದು. ಆದರೂ ಮುಚ್ಚಿದ ಬಚ್ಚಲಿನಲ್ಲಿ ಕಣ್ಣು ಗಂಟಲು ಉರಿಯಲು ಅದು ಧಾರಾಳ. ಮಂದ ಉರಿಯಲ್ಲಿ ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ.

ಮೂರನೆಯದು, ಹಳೆಯ ಕಟ್ಟಡಗಳ ಗಡುಸು ವಿನೈಲ್ ಬಿಲ್ಲೆಗಳು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇಂಥ ಬಿಲ್ಲೆಗಳಿಗೆ ಕಲ್ನಾರು ಬೆರೆಸುತ್ತಿದ್ದರು. ಅವುಗಳನ್ನು ಉಪ್ಪುಕಾಗದದಿಂದ ಉಜ್ಜುವುದು, ಒಡೆಯುವುದು ಬೇಡ. ಕಲ್ನಾರಿನ ಎಳೆಗಳು ಉಸಿರಿನೊಡನೆ ಹೋಗಿ ಶ್ವಾಸಕೋಶಕ್ಕೆ ಮಾರಕವಾಗುತ್ತವೆ. ಹಾಗೆಯೇ ಬಿಟ್ಟು ಮೇಲೆ ಬೇರೆ ನೆಲ ಹಾಸುವುದು ಮೇಲು.

ತರಗತಿಗೆ ಒಂದು ಪ್ರಯೋಗ

ಶಿಕ್ಷಕರು ಮಕ್ಕಳಿಂದ ಈ ಪ್ರಯೋಗ ಮಾಡಿಸಬಹುದು. ಸುಮಾರು 45 ಸೆಂ.ಮೀ. ಚೌಕದ ಪಾರಕ ಪಾಲಿಥಿನ್ ಹಾಳೆಯನ್ನು ಬರಿ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಹಚ್ಚಿ. ಇಂಥದೇ ಇನ್ನೊಂದನ್ನು ಮಹಡಿಯ ನೆಲಕ್ಕೆ ಹಚ್ಚಿ, ಅದು ನಿಯಂತ್ರಣ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಅಡಿಯ ನೆಲ ಕಪ್ಪಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ.

ಇಲ್ಲೊಂದು ಸೂಕ್ಷ್ಮವಿದೆ. ಹನಿ ಕಂಡರೆ ತೇವವಿದೆ ಎನ್ನಬಹುದು. ಹನಿ ಕಾಣದಿದ್ದರೆ ತೇವವಿಲ್ಲ ಎನ್ನಲಾಗದು. ಹಾಳೆಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಮೇಲಿದ್ದರೆ ಆವಿ ಇದ್ದರೂ ಹನಿಗಟ್ಟುವುದಿಲ್ಲ. ಆದ್ದರಿಂದ ಮಾರ್ಚಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಮಾಡಿಸಿ ಫಲಿತಾಂಶ ಹೋಲಿಸಿ. ಇಲ್ಲ ಎಂಬ ಫಲಿತಾಂಶಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಮಕ್ಕಳು ಇದರಿಂದ ಕಲಿಯುತ್ತಾರೆ. ಅಕ್ಕನ ಮನೆಯಲ್ಲಿ ಹಾಸು ಹಾಕಿಸಿದ್ದು ಬೇಸಿಗೆಯಲ್ಲಿ. ಅಂದು ನೆಲ ಒಣಗಿಯೇ ಕಂಡಿತ್ತು.

ಹೀಗೆ ನೋಡಿದರೆ ನಾಲ್ಕು ಸಲಹೆಗಳಲ್ಲಿ ತೇಪೆಯದು ಪೂರ್ತಿ ಸರಿ, ಇಸ್ತ್ರಿಯದು ತಪ್ಪು, ಅಂಟು ಮತ್ತು ಸೂಜಿಯವು ನೆಲ ಒಣಗಿದ್ದರೆ ಮಾತ್ರ ಸರಿ. ಈ "ಮಾತ್ರ" ಎಂಬ ಪದ ಕರಪತ್ರಗಳಲ್ಲಿ ಇಲ್ಲ. ನಾವು ಹೇಳಿಕೊಡುವ ಭೌತವಿಜ್ಞಾನದಲ್ಲಿ ಅದು ಇದೆ. ನಿಯಮದ ಜೊತೆಗೆ ಅದರ ನಿಬಂಧನೆಯನ್ನೂ ಹೇಳುತ್ತೇವೆ. ಆದರೆ ತರಗತಿಯಿಂದ ಮನೆಗೆ ಬರುವಷ್ಟರಲ್ಲಿ ನಿಬಂಧನೆಯನ್ನು ಮರೆಯುತ್ತೇವೆ. ನಾನು ಮರೆತದ್ದರಿಂದ ಹಿರಿಯರೊಬ್ಬರು ಆರು ವಾರ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರಬೇಕಾಯಿತು. ನಿಮ್ಮ ಮನೆಯ ಹಾಸಿನ ಅಂಚು ಎದ್ದಿದ್ದರೆ ಇಂದೇ ಅದರ ಮೇಲೆ ಯಾರೂ ಎಡವದಂತೆ ಏನಾದರೂ ಅಡ್ಡ ಇಡಿ. ಆಮೇಲೆ ಅಂಟಿನ ಅಂಗಡಿಗೆ ಹೋಗುವ ಮೊದಲು ಮನೆಯ ಸುತ್ತ ಒಮ್ಮೆ ನಡೆದು, ಮಳೆಯ ನೀರು ಎಲ್ಲಿ ನಿಲ್ಲುತ್ತದೆಂದು ನೋಡಿ ಬನ್ನಿ.